ಒಂದು ಬದಿ ಸೀದ ಬಿಸ್ಕತ್ತು

ಅಮ್ಮಂದಿರ ಸಮಿತಿಯ ಅಧ್ಯಕ್ಷೆಯೂ ನಮ್ಮ ಮನೆಯ ಹಿರಿಯ ಸೊಸೆಯೂ ಆದ ಅಕ್ಕನಿಗೆ,

ನೀವು ಕೇಳಿದ್ದು ನನ್ನ ಮಗಳ ಕೈಬರಹದ ಕ್ಷಮಾಪಣೆ. ನಿಮ್ಮ ಕೈಗೆ ಬಂದಿರುವುದು ನನ್ನ ಕೈಬರಹ. ಅಕ್ಷರ ಸೊಟ್ಟಗಿವೆ, ಬೈದುಕೊಳ್ಳಬೇಡಿ. ಕೂಸು ನನ್ನ ಎಡಗೈ ಮೇಲೆ ಮಲಗಿದೆ, ಮೊಣಕೈ ಅಲ್ಲಾಡಿದರೆ ಎದ್ದುಬಿಡುತ್ತದೆ. ಅದಕ್ಕೆ ಹಲ್ಲು ಬರುತ್ತಿದೆ. ತಾನೂ ನಿದ್ದೆ ಮಾಡುವುದಿಲ್ಲ, ನನ್ನನ್ನೂ ಮಾಡಗೊಡುವುದಿಲ್ಲ. ಇದನ್ನೆಲ್ಲ ಫೋನಿನಲ್ಲೇ ಹೇಳಿ ಮುಗಿಸಬಹುದಿತ್ತು. ಆದರೆ ಫೋನಿನಲ್ಲಿ ನಿಮ್ಮ ದನಿ ಕೇಳಿದ ಕೂಡಲೇ ನನ್ನ ಬಾಯಲ್ಲಿ 'ಹೂಂ ಅಕ್ಕಾ' ಮತ್ತು 'ಸರಿ ಅಕ್ಕಾ' ಬಿಟ್ಟು ಬೇರೆ ಮಾತು ಉಳಿಯುವುದಿಲ್ಲ. ನಾನು ಮೂರನೆಯ ಮಾತು ಹುಡುಕುವಷ್ಟರಲ್ಲಿ ನೀವು ಫೋನ್ ಇಟ್ಟಿರುತ್ತೀರಿ. ಕಾಗದಕ್ಕೆ ಆ ಅನುಕೂಲವಿಲ್ಲ ನೋಡಿ. ಬೇಕಾದರೆ ಹರಿದುಹಾಕಬಹುದು, ಆದರೆ ನಡುವೆ ಬಾಯಿ ಹಾಕುವ ಹಾಗಿಲ್ಲ.

ಎಲ್ಲ ನಿಮಗೆ ಗೊತ್ತಿರುವುದೇ. ಆದರೂ ಮೊದಲಿನಿಂದ ಬರೆಯುತ್ತೇನೆ. ಏಕೆಂದರೆ ನೀವು ಅತ್ತೆಗೆ ಹೇಳಿದ ಕಥೆಯೇ ಬೇರೆ, ಭಾವನಿಗೆ ಹೇಳಿದ್ದೇ ಬೇರೆ, ಸಮಿತಿಯ ಹೆಂಗಸರಿಗೆ ಹೇಳಿದ್ದಂತೂ ಕೇಳಿದರೆ ನನ್ನ ಮಗಳಿಗೇ ಗುರುತು ಸಿಗಲಿಕ್ಕಿಲ್ಲ.

ಅನಾಥ ಮಕ್ಕಳ ವಸತಿಮನೆಗಾಗಿ ಶಾಲೆಯಲ್ಲಿ ಮಾರಾಟ ಮಾಡೋಣ ಎಂದವರು ನೀವು. ಸುತ್ತೋಲೆ ಬರೆದವರೂ ನೀವೇ. 'ಮಕ್ಕಳು ಸ್ವತಃ ತಮ್ಮ ಕೈಯಿಂದ ಮನೆಯಲ್ಲಿ ಮಾಡಿದ ಬಿಸ್ಕತ್ತು, ಕೇಕು, ಬನ್ನುಗಳನ್ನಷ್ಟೇ ಮಾರಬೇಕು' ಎಂದು ಬರೆದು, 'ಸ್ವತಃ' ಎಂಬುದರ ಕೆಳಗೆ ಗೆರೆ ಎಳೆದಿದ್ದಿರಿ. ಹಾಗೆ ಮಾಡಿದರೆ ಮಕ್ಕಳಿಗೆ ಕೊಡುವುದರ ಸುಖ ತಿಳಿಯುತ್ತದಂತೆ. ಎಷ್ಟು ಚೆಂದದ ಮಾತು! ನಾನಂತೂ ಆ ಕಾಗದವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಸುತ್ತೋಲೆಯಲ್ಲಿ ಬರೆದದ್ದನ್ನು ಬರೆದ ಹಾಗೆಯೇ ನಂಬುವ ಪೆದ್ದರ ಮನೆ ಇಡೀ ಶಾಲೆಯಲ್ಲಿ ನಮ್ಮದೊಂದೇ ಎಂಬುದು ಆಮೇಲೆ ತಿಳಿಯಿತು.

ಮಾರಾಟದ ಹಿಂದಿನ ಸಂಜೆ ನಿಮ್ಮ ಮಗಳನ್ನು ನಮ್ಮ ಮನೆಗೆ ಕಳಿಸಿದವರು ನೀವೇ, ನೆನಪಿದೆ ತಾನೆ? ನಿಮ್ಮ ಅಡುಗೆಮನೆಯಲ್ಲಿ ಅಡುಗೆಯವರು ಮೂರು ಅಂತಸ್ತಿನ ಕೇಕು ಕಟ್ಟುತ್ತಿದ್ದರು. ಅದು 'ಸ್ವತಃ' ನಿಮ್ಮ ಮಗಳು ಮಾಡುತ್ತಿದ್ದ ಕೇಕು. ಆದ್ದರಿಂದ ಅವಳು ಅಲ್ಲಿರುವುದು ಅಡ್ಡಿಯಾಗಿತ್ತು. 'ನೆಲ ಒರ್ಸಿ ಆಗಿದೆ, ಚಿಕ್ಕಮ್ಮನ ಮನೇಲಿ ಆಡ್ಕೋ ಹೋಗು' ಎಂದು ಅಟ್ಟಿದಿರಂತೆ. ಅವಳು ಬಂದಳು. ಮಾವ ಇವರಿಬ್ಬರಿಗೂ ಕಡ್ಡಿ, ಕುಳ್ಳಿ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ನಿಮ್ಮ ಕಡ್ಡಿ ಬಾಗಿಲಲ್ಲಿ ನಿಂತರೆ ನನ್ನ ಕುಳ್ಳಿ ಅವಳ ಕಂಕುಳಡಿಯಿಂದ ನುಸುಳಿ ಆಚೆ ಹೋಗುತ್ತಾಳೆ. ಇಬ್ಬರಿಗೂ ಒಂದೇ ವಯಸ್ಸು, ಒಂದೇ ಬಸ್ಸು, ಒಂದೇ ಸೀಟು, ಜಗಳಕ್ಕೂ ಒಂದೇ ಕಾರಣ ಸಾಕು.

ನಮ್ಮ ಓವನ್ ನಿಮಗೆ ಗೊತ್ತು. ನೀವು ಹೊಸದು ತಂದಾಗ ನಮಗೆ 'ಕೊಟ್ಟುಬಿಟ್ಟ' ಓವನ್ ಅದು. ಕೊಟ್ಟದ್ದನ್ನು ಬಂದವರಿಗೆಲ್ಲ ಹೇಳಿದಿರಿ, ಅದರ ಹಿಂಬದಿಯ ಎಡಮೂಲೆಯೊಂದೇ ಬೆಂಕಿ ಕಾರುತ್ತದೆ ಎಂಬುದನ್ನು ಮಾತ್ರ ಹೇಳಲಿಲ್ಲ. ಕುಳ್ಳಿ ಅದನ್ನು ತಾನಾಗಿಯೇ ಕಂಡುಕೊಂಡಳು. ಬೆಣ್ಣೆ ಕಾಯುವ ವಾಸನೆ ಬಂದ ಕೂಡಲೇ ತಟ್ಟೆಯನ್ನು ತಿರುಗಿಸಬೇಕು. ತಡವಾದರೆ ಮೂಲೆಯವು ಒಂದು ಬದಿ ಕಪ್ಪಾಗುತ್ತವೆ. ಮಾತಿನ ಭರದಲ್ಲಿ ಇಬ್ಬರೂ ಪ್ರತಿಸಲ ತಡ ಮಾಡಿದರು. ಹಿಟ್ಟು ಕಲಸಿದವಳು ಕುಳ್ಳಿ. ತಟ್ಟಿ, ಫೋರ್ಕಿನಿಂದ ಎಲೆಯ ಹಾಗೆ ಗೆರೆ ಎಳೆದವಳು ಕಡ್ಡಿ. ನಾನು ಕೂಸನ್ನು ಹೆಗಲ ಮೇಲೆ ಹಾಕಿಕೊಂಡು, ಕೈ ಸುಟ್ಟುಕೊಂಡಾರು, ಬಿಸಿ ತಟ್ಟೆ ಕಾಲ ಮೇಲೆ ಬೀಳಿಸಿಕೊಂಡಾರು, ಗ್ಯಾಸು ಸರಿಯಾಗಿ ಆರಿದೆಯೋ ಇಲ್ಲವೋ ಎಂದು ಬಾಗಿಲಲ್ಲೇ ಹೆದರುತ್ತ ನಿಂತಿದ್ದೆ. ನನ್ನ ಕೆಲಸವೇ ಅದು, ಹೆದರುವುದು.

'ಇದು ಬಿಸ್ಕತ್ತಲ್ಲ ಕಣೇ, ಚಪ್ಪಲಿ' ಎಂದಳು ನಿಮ್ಮ ಮಗಳು, ಒಂದು ದೊಡ್ಡದನ್ನು ಎತ್ತಿ ಹಿಡಿದು.

'ಆಗ್ಲಿ ಬಿಡು. ಜೋಡಿ ಮಾಡಿ ಮಾರೋಣ' ಎಂದಳು ನನ್ನವಳು.

ಕಡ್ಡಿ ಅಷ್ಟು ನಕ್ಕದ್ದನ್ನು ನಾನು ನಿಮ್ಮ ಮನೆಯಲ್ಲಿ ಯಾವತ್ತೂ ಕೇಳಿಲ್ಲ ಅಕ್ಕಾ. ಹೊರಡುವಾಗ ಬಟ್ಟೆಯ ಮೇಲಿದ್ದ ಹಿಟ್ಟನ್ನೆಲ್ಲ ಕೊಡವಿಕೊಂಡಳು. ಬೆನ್ನಿನ ಮೇಲಿದ್ದದ್ದನ್ನು ನಾನೇ ಒದ್ದೆ ಬಟ್ಟೆಯಲ್ಲಿ ಒರೆಸಿದೆ, ನಿಮ್ಮ ಕಣ್ಣಿಗೆ ಬೀಳದಿರಲಿ ಎಂದು.

ಮಾರನೆಯ ದಿನ ಬೆಳಿಗ್ಗೆ ಡಬ್ಬಗಳನ್ನೆಲ್ಲ ಶಾಲೆಯ ಲೈಬ್ರರಿಯಲ್ಲಿ ಕೊಡಬೇಕಿತ್ತು. ಜೋಡಿಸುವ ಕೆಲಸ ಸಮಿತಿಯದು. ಅಂದರೆ ನಿಮ್ಮದು. ನಿಮ್ಮ ಸಮಿತಿಯಲ್ಲಿ ಉಳಿದವರ ಕೆಲಸ ತಲೆಯಾಡಿಸುವುದು, ಅದನ್ನು ಅವರು ಚೆನ್ನಾಗಿಯೇ ಮಾಡುತ್ತಾರೆ. ಕುಳ್ಳಿ ತನ್ನ ಡಬ್ಬವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೋಗಿ ಕೊಟ್ಟಳು. ಜೊತೆಗೆ ತಾನೇ ಬಣ್ಣ ಹಚ್ಚಿ ಬರೆದ ಚೀಟಿ: ತನ್ನ ಹೆಸರು, ತರಗತಿ, 'ನಾನೇ ಮಾಡಿದ್ದು.' ಮಕ್ಕಳು ತರಗತಿಗೆ ಹೋದ ಮೇಲೆ ನೀವು ಮುಚ್ಚಳ ತೆಗೆದು ನೋಡಿದಿರಿ. ಆಮೇಲೆ ನಡೆದದ್ದನ್ನು ನಿಮ್ಮ ಜೊತೆಗಿದ್ದ ಒಬ್ಬರು ನಗುನಗುತ್ತ ನನಗೆ ಹೇಳಿದರು, ಅದು ನಿಮ್ಮ ಜಾಣತನಕ್ಕೆ ಮೆಚ್ಚುಗೆ ಎಂಬಂತೆ. 'ಅಯ್ಯೋ, ನಮ್ಮ ಮನೆ ಹೆಸ್ರು ಇದೆ ಇದ್ರ ಮೇಲೆ' ಎಂದಿರಂತೆ. ಯಾರಾದರೂ ಮರೆತು ಬಂದರೆ ಇರಲಿ ಎಂದು ಬೇಕರಿಯಿಂದ ತರಿಸಿಟ್ಟಿದ್ದ ಪೆಟ್ಟಿಗೆ ಒಡೆದು, ಒಂದೇ ಅಚ್ಚಿನ, ಒಂದೇ ಬಣ್ಣದ ಬಿಸ್ಕತ್ತುಗಳನ್ನು ತಟ್ಟೆಯಲ್ಲಿ ಸುತ್ತ ಜೋಡಿಸಿ, ಮುಂದೆ ನನ್ನ ಮಗಳ ಚೀಟಿ ನಿಲ್ಲಿಸಿದಿರಿ. ಅವಳು ಮಾಡಿದ್ದನ್ನು ರಟ್ಟಿನ ಪೆಟ್ಟಿಗೆಗೆ ಸುರಿದು, ಆ ವಸತಿಮನೆಗೆ ಹೋಗುವ ಉಳಿಕೆಗಳ ಜೊತೆ ಇಡಿಸಿದಿರಿ.

ಆಗ ನೀವು ಆಡಿದ ಮಾತೊಂದಿದೆ. ಅದನ್ನು ನೀವು ಅತ್ತೆಗೂ ಹೇಳಿಲ್ಲ, ಭಾವನಿಗೂ ಹೇಳಿಲ್ಲ. 'ಅಲ್ಲಿಗೆ ಕಳ್ಸಿದ್ರಾಯ್ತು ಬಿಡ್ರಿ. ಆ ಮಕ್ಳೇನು ಬಣ್ಣ ನೋಡ್ತಾವಾ?'

ಆ ಮಾತನ್ನು ನಾನು ಪಾತ್ರೆ ತೊಳೆಯುವಾಗ ತಿರುಗಿಸಿ ನೋಡಿದೆ, ಬಟ್ಟೆ ಮಡಿಸುವಾಗ ತಿರುಗಿಸಿ ನೋಡಿದೆ. ಯಾವ ಕಡೆಯಿಂದ ನೋಡಿದರೂ ಅದಕ್ಕೆ ಒಳ್ಳೆಯ ಬದಿಯೇ ಇಲ್ಲ. ಯಾರ ಹೆಸರು ಹೇಳಿ ಇಷ್ಟೆಲ್ಲ ನಡೆಸಿದಿರೋ, ನೋಡಲು ಲಾಯಕ್ಕಿಲ್ಲ ಎಂದು ನೀವು ತೆಗೆದಿಟ್ಟದ್ದು ಅವರ ಪಾಲಿಗೆ. ಚೆನ್ನಾಗಿರುವುದೆಲ್ಲ ನಮ್ಮ ನಮ್ಮ ಮಕ್ಕಳ ಬಾಯಿಗೆ, ದಾನವೆಂಬ ಹೆಸರು ನಿಮ್ಮ ಕೊರಳಿಗೆ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಕೈ ಒಂದಿಷ್ಟೂ ಕೆಸರಾಗದೆ ಗಡಿಗೆಗಟ್ಟಲೆ ಮೊಸರು ಹೊಡೆಯುವ ಉಪಾಯ ನಿಮ್ಮಿಂದಲೇ ಕಲಿಯಬೇಕು.

ಇನ್ನೊಂದು ವಿಷಯ, ತಿಳಿದುಕೊಂಡಿರಿ. ನೀವು ಆ ಪೆಟ್ಟಿಗೆಗೆ ಸುರಿಸಿದಿರಲ್ಲ, ಎಲೆಯ ಗೆರೆಯ ಬಿಸ್ಕತ್ತುಗಳು, ಅಷ್ಟೂ ತಟ್ಟಿದ್ದು ನಿಮ್ಮ ಮಗಳ ಕೈ. ಅವಳು ಹುಟ್ಟಿ ಇಷ್ಟು ವರ್ಷಕ್ಕೆ ಅಡುಗೆಮನೆಯಲ್ಲಿ ತಾನಾಗಿ ಮಾಡಿದ ಮೊದಲ ತಿಂಡಿ ಅದು. ನೀವು ಮುಚ್ಚಳ ತೆಗೆದಿರಿ, ಮೂಗು ಮುರಿದಿರಿ, ಮುಚ್ಚಿದಿರಿ. ಇದಕ್ಕಾಗಿ ಅವಳನ್ನು ಬಯ್ಯಬೇಡಿ. ಆಡಲು ಕಳಿಸಿದ್ದಿರಿ, ಅವಳು ಆಡಿದಳು, ಅಷ್ಟೇ.

ಕುಳ್ಳಿ ತನ್ನ ಮೇಜಿನ ಮುಂದೆ ಬಂದು ನಿಂತಾಗ ಮೊದಲು ಚೀಟಿ ನೋಡಿದಳಂತೆ, ಆಮೇಲೆ ತಟ್ಟೆ ನೋಡಿದಳಂತೆ. ಯಾರದೋ ತಟ್ಟೆ ತಪ್ಪಿ ಇಲ್ಲಿಗೆ ಬಂದಿದೆ ಎಂದುಕೊಂಡು ಅಕ್ಕಪಕ್ಕದ ಮೇಜುಗಳಿಗೆಲ್ಲ ಹೋಗಿ 'ಇದು ನಿಂದಾ, ಇದು ನಿಂದಾ' ಎಂದು ಕೇಳಿದ್ದಾಳೆ. ಪಕ್ಕದ ಮೇಜಿನಲ್ಲಿ ಮೂರು ಅಂತಸ್ತಿನ ಕೇಕಿನ ಹಿಂದೆ ನಿಂತಿದ್ದ ಕಡ್ಡಿಯೇ ಕೊನೆಗೆ ಹೇಳಿದಳಂತೆ, 'ಸುಮ್ನಿರೇ, ಅಮ್ಮ ಬದ್ಲಾಯ್ಸಿರೋದು.' ಅವಳಿಗೆ ತನ್ನ ಅಮ್ಮನ ಕೆಲಸದ ಗುರುತು ಸಿಗದೆ ಇರುತ್ತದೆಯೇ? ನನ್ನ ಮಗಳು ಸುಮ್ಮನಿದ್ದಳು. ಜನ ಬಂದು ಕೊಂಡರು, 'ಎಷ್ಟು ನೀಟಾಗಿ ಮಾಡಿದೀಯಾ ಮರಿ' ಎಂದು ಕೆನ್ನೆ ಹಿಂಡಿದರು. ಆಗಲೂ ಸುಮ್ಮನಿದ್ದಳು. ನೀವು ಇದನ್ನು ಮರೆಯಬಾರದು ಅಕ್ಕಾ. ಅವಳು ನಿಮ್ಮ ಮಾನವನ್ನು ಒಂದು ಬೆಳಗಿನಷ್ಟು ಹೊತ್ತು ನಿಂತೇ ಕಾಯ್ದಿದ್ದಾಳೆ.

ಮುಖ್ಯ ಅತಿಥಿಯಾಗಿ ಬಂದಿದ್ದ ಆ ಬ್ಯಾಂಕಿನ ಮ್ಯಾನೇಜರನ್ನು ಅವಳ ಮೇಜಿಗೆ ಕರೆತಂದವರು ಯಾರು? ನೀವು. 'ಇವಳು ನಮ್ಮ ಮೈದುನನ ಮಗಳು' ಎಂದು ಪರಿಚಯಿಸಿ ಅವರ ಕೈಗೆ ಮೈಕು ಕೊಟ್ಟವರು ಯಾರು? ನೀವೇ. ಪಾಪ, ಒಳ್ಳೆಯ ಮನುಷ್ಯ. ಒಂದು ಬಿಸ್ಕತ್ತು ಕಚ್ಚಿ, ಎಲ್ಲವೂ ಇಷ್ಟು ಸಮ ಹೇಗೆ ಬಂದವಮ್ಮಾ, ನನ್ನ ಹೆಂಡತಿಗೆ ಹೇಳಬೇಕು, ಗುಟ್ಟು ಹೇಳು ಎಂದು ಮೈಕನ್ನು ಅವಳ ಬಾಯಿಗೆ ಹಿಡಿದರು. ನಾನು ಹಿಂದಿನ ಸಾಲಿನಲ್ಲಿ ಕೂಸಿಗೆ ಬಾಟಲಿ ಹಿಡಿದು ಕೂತಿದ್ದೆ. ಅವಳು ನಿಮ್ಮನ್ನು ನೋಡಿದಳು, ನನ್ನನ್ನು ಹುಡುಕಿದಳು, ಆಮೇಲೆ ಹೇಳಿದಳು.

'ಇದು ನಾನು ಮಾಡಿದ್ದಲ್ಲ ಅಂಕಲ್. ನಮ್ದು ಒಂದ್ ಕಡೆ ಕಪ್ಪಗಿರುತ್ತೆ. ನಮ್ಮನೆ ಓವನ್ನೇ ಹಾಗೆ.'

ಇಷ್ಟೇ. ಇದಕ್ಕಿಂತ ಒಂದು ಮಾತು ಹೆಚ್ಚಿಲ್ಲ. ನಿಮ್ಮ ಹೆಸರು ಎತ್ತಲಿಲ್ಲ, ಬೇಕರಿ ಎನ್ನಲಿಲ್ಲ, ಬದಲಾಯಿಸಿದರು ಎನ್ನಲಿಲ್ಲ. ಕುಂಬಳಕಾಯಿ ಕಳ್ಳ ಎಂದು ಯಾರೂ ಕೂಗಿರಲಿಲ್ಲ, ನೀವಾಗಿಯೇ ಹೆಗಲು ಮುಟ್ಟಿ ನೋಡಿಕೊಂಡಿರಿ. 'ಮಕ್ಳು, ಮಕ್ಳು, ಸ್ಟೇಜ್ ಭಯ' ಎನ್ನುತ್ತ ಮೈಕು ಕಸಿದುಕೊಂಡಿರಲ್ಲ, ಜನಕ್ಕೆ ಗೊತ್ತಾದದ್ದು ಆವಾಗ. ಮ್ಯಾನೇಜರು ಉಳಿದರ್ಧ ಬಿಸ್ಕತ್ತನ್ನು ತಿನ್ನಲೂ ಆರದೆ ಇಡಲೂ ಆರದೆ ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಳಿಸಿದರು. ಹೆಡ್ ಮೇಡಂ ಸಮಿತಿಯ ಶ್ರಮಕ್ಕೆ ಧನ್ಯವಾದ ಹೇಳಿದರು. ಚಪ್ಪಾಳೆ ಬಿತ್ತು. ನಿಮಗೆ ಚಪ್ಪಾಳೆ ಬೀಳದೆ ಹೋದ ದಿನ ಯಾವುದಿದೆ?

ಆವತ್ತೇ ಸಂಜೆ ನಿಮ್ಮ ಫೋನು ಬಂತು. ಮನೆಯ ಮಾನ ಹರಾಜಾಯಿತಂತೆ. ನಾನು ಮಗಳಿಗೆ ಹೇಳಿಕೊಟ್ಟು ಕಳಿಸಿದ್ದೆನಂತೆ. ನನ್ನ ಹೊಟ್ಟೆಕಿಚ್ಚು ಅವಳ ಬಾಯಲ್ಲಿ ಮಾತಾಡಿತಂತೆ. ಒಳ್ಳೆಯದೇ ಆಯಿತು ಅಕ್ಕಾ, ಹೊಟ್ಟೆಕಿಚ್ಚಿನ ವಿಷಯ ನೀವೇ ಎತ್ತಿದಿರಿ. ಹೌದು, ಒಂದು ಕಾಲಕ್ಕೆ ಇತ್ತು. ನಿಮ್ಮ ಧೈರ್ಯ ಕಂಡರೆ, ನಾಲ್ಕು ಜನರ ನಡುವೆ ನೀವು ನಿಲ್ಲುವ ಭಂಗಿ ಕಂಡರೆ ನನ್ನಂಥ ಹೆದರುಪುಕ್ಕಲಿಗೆ ಆಸೆಯಾಗುತ್ತಿತ್ತು. ಈಗಿಲ್ಲ. ಮಕ್ಕಳು ಮಾಡಿದ ಒಂದು ಡಬ್ಬ ಬಿಸ್ಕತ್ತಿಗೆ ಅಷ್ಟು ಹೆದರಿದವರು ನೀವು. ನನ್ನ ಹೆದರಿಕೆಯಲ್ಲಾದರೂ ಗ್ಯಾಸು, ಬೆಂಕಿ, ಕೂಸಿನ ಉಸಿರು ಇವೆ. ನಿಮ್ಮದು ಬರೀ ಪಕ್ಕದ ಮೇಜಿನವರು ಏನೆಂದಾರು ಎಂಬುದು.

ಆಮೇಲೆ ನಿಮ್ಮ ಷರತ್ತು. ಕುಳ್ಳಿ ಸಮಿತಿಯ ಮುಂದೆ ನಿಂತು ಓದುವ ಹಾಗೆ ಕ್ಷಮಾಪಣೆ ಬರೆದುಕೊಡಬೇಕು. ಅಲ್ಲಿಯವರೆಗೆ ಕಡ್ಡಿ ನಮ್ಮ ಮನೆಯ ಹೊಸಿಲು ತುಳಿಯುವ ಹಾಗಿಲ್ಲ, ಬಸ್ಸಿನಲ್ಲಿ ಅವಳ ಪಕ್ಕ ಕೂರುವ ಹಾಗಿಲ್ಲ, ಫೋನಿನಲ್ಲಿ ಮಾತಿಲ್ಲ. ದೊಡ್ಡವರ ಮೇಲಿನ ಸಿಟ್ಟನ್ನು ದೊಡ್ಡವರ ಮೇಲೆ ತೀರಿಸಿಕೊಳ್ಳುವಷ್ಟಾದರೂ ದೊಡ್ಡತನ ನಿಮ್ಮಲ್ಲಿ ಇದ್ದೀತು ಎಂದುಕೊಂಡಿದ್ದೆ. ಇಲ್ಲ.

ಮನೆಯವರೆಲ್ಲ ನಿಮ್ಮ ಕಡೆಗೇ, ಖುಷಿಪಡಿ. ಅತ್ತೆ, 'ದೊಡ್ಡೋರು ಚಿಕ್ಕೋರು ಅನ್ನೋದು ಒಂದಿರುತ್ತಲ್ಲಮ್ಮಾ' ಎನ್ನುತ್ತಾರೆ. ನಿಮ್ಮ ಮೈದುನನಿಗಂತೂ ಅಣ್ಣನ ಮನೆಯ ಊಟ ತಪ್ಪಿದ್ದೇ ದೊಡ್ಡ ಸಂಕಟ. 'ಬರ್ಕೊಟ್ಬಿಡ್ಲಿ, ಕೈಯೇನು ಸವೆಯುತ್ತಾ' ಎಂದು ಹೇಳಿ ಪೇಪರಿನ ಹಿಂದೆ ಅಡಗಿಕೊಳ್ಳುತ್ತಾರೆ. ಅವರ ಪ್ರಕಾರ ಜಗತ್ತಿನ ಎಲ್ಲ ತೊಂದರೆಯೂ ಯಾರೋ ಒಬ್ಬರು ಬರೆದುಕೊಟ್ಟರೆ ಮುಗಿಯುತ್ತದೆ. ಆ ಒಬ್ಬರು ತಾವು ಮಾತ್ರ ಆಗಿರಬಾರದು.

ನನ್ನ ಮಗಳಿಗೆ ಮಾನದ ಗೊಡವೆಯೇ ಇಲ್ಲ. ಅವಳಿಗೆ ಬೇಕಿರುವುದು ಕಡ್ಡಿ. ಬಸ್ಸಿನಲ್ಲಿ ಪಕ್ಕದ ಸೀಟಿನ ಮೇಲೆ ಚೀಲ ಇಟ್ಟುಕೊಂಡು ಕೂರುತ್ತಾಳಂತೆ, ಯಾರು ಕೇಳಿದರೂ 'ಜನ ಇದಾರೆ' ಎನ್ನುತ್ತಾಳಂತೆ. ಬಸ್ಸಿನ ಆಯಾ ಬಂದು ನನ್ನ ಬಳಿ ದೂರಿದರು. ಮನೆಯಲ್ಲಿ ಅತ್ತಿಲ್ಲ. ಅತ್ತಿದ್ದರೆ ನನಗೆ ಸುಲಭವಿತ್ತು. ಉಗುರು ಕಚ್ಚಿ ಕಚ್ಚಿ ಬೆರಳ ತುದಿ ಕೆಂಪಾಗಿದೆ. ನಿನ್ನೆ ಶಾಲೆಯಿಂದ ಬಂದವಳು ಬೂಟು ಬಿಚ್ಚದೆ ನನ್ನ ಮುಂದೆ ನಿಂತಳು. ಒಂದು ಹಾಳೆ, ಪೆನ್ಸಿಲು ಹಿಡಿದುಕೊಂಡೇ ಬಂದಿದ್ದಳು.

'ಅಮ್ಮಾ, ಬರೀತೀನಿ. ಬಿಸ್ಕತ್ತು ನಾನೇ ಮಾಡಿದ್ದು, ಮೈಕಲ್ಲಿ ಸುಳ್ಳು ಹೇಳ್ದೆ ಅಂತ ಬರೀತೀನಿ. ಆಗ ದೊಡ್ಡಮ್ಮ ಕಡ್ಡೀನ ಕಳಿಸ್ತಾರಲ್ವಾ?'

ಅಕ್ಕಾ, ನಿಮ್ಮ ಗೆಲುವು ನಿಮಗೆ ಅಷ್ಟು ಹತ್ತಿರ ಬಂದಿತ್ತು. ನಾನು ತಲೆಯಾಡಿಸಿದ್ದರೆ ಸಾಕಿತ್ತು, ಇಷ್ಟು ಹೊತ್ತಿಗೆ ಆ ಹಾಳೆ ನಿಮ್ಮ ಕೈಯಲ್ಲಿರುತ್ತಿತ್ತು. ನಿಜ ಹೇಳಿದ ಮಗು, ನಾನು ಸುಳ್ಳುಗಾರ್ತಿ ಎಂದು ತನ್ನ ಕೈಯಾರೆ ಬರೆದು, ಹೆಸರು ಹಾಕಿ, ಹಿಂದಿನ ಬೆಂಚಿನವರಿಗೂ ಕೇಳಿಸುವ ಹಾಗೆ ಓದುತ್ತಿದ್ದಳು. ನೀವು ಅವಳ ತಲೆ ಸವರಿ ಕ್ಷಮಿಸುತ್ತಿದ್ದಿರಿ, ಫೋಟೋ ತೆಗೆಸುತ್ತಿದ್ದಿರಿ. ಕೊಡುವುದರ ಸುಖ ಅವಳಿಗೆ ಚೆನ್ನಾಗಿ ತಿಳಿಯುತ್ತಿತ್ತು.

ನಾನು ಹಾಳೆ ತೆಗೆದುಕೊಂಡು ಮಡಿಸಿಟ್ಟೆ. ಬೂಟು ಬಿಚ್ಚು ಎಂದೆ.

ಈಗ ನನ್ನ ಮಾತು ಕೇಳಿ. ನಿಮಗೆ ಕ್ಷಮಾಪಣೆ ಬೇಕು ತಾನೆ? ನನ್ನದು ತೆಗೆದುಕೊಳ್ಳಿ. ನನ್ನ ಬಳಿ ಅದು ಬೇಕಾದಷ್ಟಿದೆ. ಈ ಮನೆಗೆ ಬಂದ ಮೇಲೆ ಕಾಫಿ ಆರಿದ್ದಕ್ಕೆ ನಿಮ್ಮಲ್ಲಿ ಕ್ಷಮೆ ಕೇಳಿದ್ದೇನೆ, ನಿಮ್ಮ ಗೆಳತಿಯರ ಮುಂದೆ ನನ್ನ ಕೂಸು ಅತ್ತದ್ದಕ್ಕೆ ಕೇಳಿದ್ದೇನೆ, ನೀವು ತುಳಿದ ನನ್ನ ಕಾಲನ್ನು ಹಿಂದೆಗೆಯಲು ತಡವಾದದ್ದಕ್ಕೂ ಕೇಳಿದ್ದೇನೆ. ಅವುಗಳಲ್ಲಿ ಒಂದಾದರೂ ಮನಸ್ಸಿನಿಂದ ಬಂದದ್ದಲ್ಲ. ನಿಮಗೂ ಅದು ಗೊತ್ತಿತ್ತು, ಆದರೂ ಸಾಲುತ್ತಿತ್ತು. ಇದೂ ಸಾಲಲಿ. ಸಮಿತಿಯ ಮುಂದಿನ ಸಭೆಗೆ ಕೂಸನ್ನು ಎತ್ತಿಕೊಂಡು ಬರುತ್ತೇನೆ. ಮಗಳನ್ನು ಬೆಳೆಸಲು ಬರಲಿಲ್ಲ ಎನ್ನಬೇಕೆ, ಅನ್ನುತ್ತೇನೆ. ನನ್ನ ಹೊಟ್ಟೆಕಿಚ್ಚೇ ಕಾರಣ ಎನ್ನಬೇಕೆ, ಅದನ್ನೂ ಅನ್ನುತ್ತೇನೆ. ನೀವೇ ಬರೆದು ಕಳಿಸಿ, ಒಂದಕ್ಷರ ತಪ್ಪದೆ ಓದುತ್ತೇನೆ. ಕಾಲೇಜು ಕಲಿತದ್ದಕ್ಕೆ ಅಷ್ಟಾದರೂ ಉಪಯೋಗವಾಗಲಿ.

ಅವಳದು ಮಾತ್ರ ಕೇಳಬೇಡಿ. ಅವಳು ತಪ್ಪು ಮಾಡಿದಾಗ ಕ್ಷಮೆ ಕೇಳುತ್ತಾಳೆ, ಕೂಸಿನ ಆಟಿಕೆ ಮುರಿದರೂ ಅದರ ಕಿವಿಯ ಹತ್ತಿರ ಬಗ್ಗಿ ಕೇಳುತ್ತಾಳೆ. ಅವಳ ಬಾಯಲ್ಲಿ ಆ ಮಾತಿಗೆ ಇನ್ನೂ ಅರ್ಥ ಉಳಿದಿದೆ. ಅದನ್ನು ನನ್ನದರ ಹಾಗೆ ಕೈಯೊರೆಸುವ ಬಟ್ಟೆ ಮಾಡಲು ನಾನು ಬಿಡುವುದಿಲ್ಲ. ನಾನು ನಿಮಗೆ ಹೆದರುತ್ತೇನೆ, ಈಗಲೂ. ಆದರೂ ಬಿಡುವುದಿಲ್ಲ.

ಕಡ್ಡಿಯನ್ನು ಭಾನುವಾರ ಕಳಿಸಿ. ಕಳಿಸದಿದ್ದರೆ ನನ್ನ ಮಗಳು ಅಳುತ್ತಾಳೆ, ಪಕ್ಕದಲ್ಲಿ ನಾನಿರುತ್ತೇನೆ. ನಿಮ್ಮ ಮಗಳೂ ಅಳುತ್ತಾಳೆ. ಅವಳ ಪಕ್ಕ ಯಾರಿರುತ್ತಾರೆ, ಅದನ್ನು ನೀವು ಯೋಚಿಸಿ.

ಕೂಸು ಏಳುತ್ತಿದೆ, ನಿಲ್ಲಿಸುತ್ತೇನೆ. ವಯಸ್ಸಿನಲ್ಲಿ ಚಿಕ್ಕವಳು, ನಿಮ್ಮನ್ನು ಹರಸುವ ಅಧಿಕಾರ ನನಗಿಲ್ಲ, ಆದರೂ ಹರಸುತ್ತೇನೆ. ನಿಮ್ಮ ಮಗಳು ಒಂದು ದಿನ ನಿಮ್ಮ ಎದುರಿಗೇ ನಿಂತು, ನಿಮಗೆ ಹೆದರದೆ, ಇದ್ದದ್ದನ್ನು ಇದ್ದ ಹಾಗೆ ಹೇಳುವಷ್ಟು ದೊಡ್ಡವಳಾಗಲಿ. ಆವತ್ತು ಅವಳ ಮಾತು ಮುಗಿಯುವವರೆಗೆ ಕೇಳಿಸಿಕೊಳ್ಳುವಷ್ಟು ಆಯಸ್ಸೂ ತಾಳ್ಮೆಯೂ ನಿಮಗಿರಲಿ.

ಇಂತಿ,
ಸಭೆಗೆ ತಪ್ಪದೆ ಬರುವ
ನಿಮ್ಮ ಓರಗಿತ್ತಿ